ಡಿಕ್ಕಿಯಲ್ಲಿ ಅವ್ವನ ಮಣೆ ಯಾಕಿದೆ

ನನ್ನ ಕಾರಿನ ಡಿಕ್ಕಿ ತೆಗೆದವರೆಲ್ಲ ಮೊದಲು ಕೇಳುವುದು ಆ ಮಣೆಯ ಬಗ್ಗೆ. ಊಟಕ್ಕೆ ಕೂರುವ ಹಳೇ ಸಾಗುವಾನಿ ಮಣೆ, ಒಂದು ಮೂಲೆ ಚಕ್ಕೆ ಎದ್ದಿದೆ. ಅದರ ಪಕ್ಕದಲ್ಲಿ ಎರಡಡಿ ಕಬ್ಬಿಣದ ಪೈಪು, ಎರಡು ಇಟ್ಟಿಗೆ, ಒಂದು ತಗಡಿನ ಡಬ್ಬ. ನೋಡಿದವರಿಗೆ ನಾನೇನೋ ಮನೆ ಕಟ್ಟಿಸುತ್ತಿದ್ದೇನೆ ಅನ್ನಿಸಬೇಕು. ಇದೇ ನನ್ನ ಟೂಲ್ ಕಿಟ್. ಮೂರು ವರ್ಷದಲ್ಲಿ ಒಂದೊಂದಾಗಿ ಸೇರಿದ್ದು. ಒಂದೊಂದರ ಹಿಂದೆಯೂ ಒಂದು ಪಜೀತಿ ಇದೆ.

ನಾನು ದಾವಣಗೆರೆಯಿಂದ ಜಗಳೂರು ಕಡೆಯ ಒಂದು ಹಳ್ಳಿ ಶಾಲೆಗೆ ದಿನಾ ಹೋಗಿ ಬರುವವಳು. ಗಾಡಿ ಸೆಕೆಂಡ್ ಹ್ಯಾಂಡ್, ಚಿಕ್ಕ ಪೆಟ್ರೋಲ್ ಕಾರು. ಕೊಂಡಾಗ ಡಿಕ್ಕಿಯಲ್ಲಿ ಒಂದು ಜಾಕ್, ಚಕ್ರದ ನಟ್ ಬಿಚ್ಚುವ ಒಂದು ಎಲ್ ಪಾನ (ಎಲ್ ಆಕಾರದ ಸ್ಪ್ಯಾನರ್), ಒಂದು ಸ್ಟೆಪ್ನಿ ಇತ್ತು. ಇಷ್ಟಿದ್ದರೆ ಸಾಕು ಅಂದುಕೊಂಡಿದ್ದೆ.

ಮೊದಲ ವರ್ಷ ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತು. ಹಿಂದಿನ ರಾತ್ರಿ ಒಳ್ಳೇ ಮಳೆ. ಶಾಲೆ ಬಿಟ್ಟು ವಾಪಸ್ ಬರುವಾಗ ಎಡಗಡೆ ಮುಂದಿನ ಚಕ್ರ ಪಂಕ್ಚರ್ ಆಯಿತು. ರಸ್ತೆ ಬದಿಗೆ ಇಳಿಸಿದೆ. ವಿಡಿಯೋದಲ್ಲಿ ನೋಡಿದ್ದೆನಲ್ಲ, ಹತ್ತು ನಿಮಿಷದ ಕೆಲಸ ಅಂತ ಧೈರ್ಯ. ಜಾಕ್ ಇಟ್ಟು ತಿರುಗಿಸಿದೆ, ತಿರುಗಿಸಿದೆ, ಗಾಡಿ ಮೇಲೆ ಏಳುವ ಬದಲು ಜಾಕೇ ಕೆಳಗೆ ಇಳಿಯಿತು. ನಮ್ಮ ಕಡೆಯ ಎರೆ ಮಣ್ಣು ಗೊತ್ತಲ್ಲ, ಒಣಗಿದರೆ ಕಲ್ಲು, ನೆನೆದರೆ ಕಾಲಿಗೆ ಹತ್ತಿದ ಚಪ್ಪಲಿಯನ್ನೂ ಬಿಡುವುದಿಲ್ಲ. ಹೇಗೋ ಎರಡು ಕಲ್ಲು ಹುಡುಕಿ ಜಾಕಿನ ಕೆಳಗೆ ಕೊಟ್ಟು ಚಕ್ರ ಎತ್ತಿದೆ. ಈಗ ನಟ್ ಬಿಚ್ಚೋಣ ಅಂತ ಪಾನ ಹಾಕಿ ಒತ್ತಿದರೆ ಚಕ್ರವೇ ಸುತ್ತುತ್ತಿದೆ! ನಟ್ ಸಡಿಲ ಮಾಡಿಕೊಳ್ಳುವುದು ಚಕ್ರ ನೆಲದ ಮೇಲಿರುವಾಗಲೇ ಅಂತ ಆಮೇಲೆ ತಿಳಿಯಿತು. ಮತ್ತೆ ಇಳಿಸಿದೆ. ಪಾನದ ಮೇಲೆ ನಿಂತೆ, ಕುಣಿದೆ, ಸೀರೆಯೆಲ್ಲ ಮಣ್ಣು. ಒಂದು ನಟ್ಟೂ ಜಗ್ಗಲಿಲ್ಲ.

ಅಷ್ಟರಲ್ಲಿ ಟ್ರ್ಯಾಕ್ಟರ್ ಮೇಲೆ ಒಬ್ಬ ಹುಡುಗ ಬಂದ. "ಏನಾತ್ರೀ ಅಕ್ಕಾ, ನಟ್ ಬರವಲ್ದಾ?" ಅಂದು, ಟ್ರೇಲರ್‌ನಿಂದ ಪಂಪ್‌ಸೆಟ್ಟಿನ ಹಳೇ ಪೈಪಿನ ತುಂಡು ತಂದು ನನ್ನ ಎಲ್ ಪಾನಕ್ಕೆ ತೂರಿಸಿದ. ಒಂದೇ ಕೈಯಲ್ಲಿ ಒತ್ತಿದ. 'ಕಿರ್' ಅಂತ ಒಂದು ಸದ್ದು, ನಟ್ ಬಿಟ್ಟುಕೊಂಡಿತು. ನಾಲ್ಕೂ ನಟ್ಟು ಎರಡು ನಿಮಿಷ. ಸ್ಟೆಪ್ನಿ ಹಾಕಿ ಗಾಡಿ ಇಳಿಸಿದ ಮೇಲೆ ನೋಡಿದರೆ ಅದರಲ್ಲೂ ಗಾಳಿ ಇಲ್ಲ. ಹುಡುಗ ನಕ್ಕೇಬಿಟ್ಟ. ಮುಂದಿನ ಊರಿನ ಪಂಕ್ಚರ್ ಅಂಗಡಿಯವರೆಗೆ ಎತ್ತಿನ ಗಾಡಿ ಹೋದ ಹಾಗೆ ಹೋದೆ.

ಆ ಪೈಪಿನ ಲೆಕ್ಕ ಮನೆಗೆ ಬಂದು ಹಾಕಿದೆ, ಮಕ್ಕಳಿಗೆ ಸನ್ನೆಗೋಲಿನ ಪಾಠ ಮಾಡುವವಳು ನಾನೇ ಅಲ್ವಾ. ನನ್ನ ಗಾಡಿಯ ಚಕ್ರದ ನಟ್ಟಿಗೆ ಪುಸ್ತಕದಲ್ಲಿ ಹೇಳಿರುವ ಬಿಗಿ 85 ನ್ಯೂಟನ್ ಮೀಟರ್. ಪಾನದ ಉದ್ದ 25 ಸೆಂಟಿಮೀಟರ್ ಇದ್ದರೆ ತುದಿಯಲ್ಲಿ ಸುಮಾರು 35 ಕಿಲೋ ಭಾರ ಬೀಳಬೇಕು. ಇಷ್ಟು ನನ್ನಿಂದಾಗುತ್ತದೆ. ಆದರೆ ಟೈರ್ ಅಂಗಡಿಯಲ್ಲಿ ಗಾಳಿ ಗನ್ ಇಟ್ಟು ಟರ್ರ್ ಅಂತ ಬಿಗಿದಿರುತ್ತಾರಲ್ಲ, ಅದು ಇದರ ಎರಡರಷ್ಟೂ ಇರಬಹುದು. ಆಗ 70 ಕಿಲೋ, ಜೊತೆಗೆ ತುಕ್ಕಿನ ಹಿಡಿತ ಬೇರೆ. ಪೈಪ್ ಹಾಕಿ ಉದ್ದ ಎರಡರಷ್ಟು ಮಾಡಿದರೆ ಬೇಕಾದ ಬಲ ಅರ್ಧ. ಇಷ್ಟೇ ವಿಷಯ. ಒಂದು ಮಾತು, ಪೈಪ್ ಬಿಚ್ಚುವುದಕ್ಕೆ ಮಾತ್ರ. ಬಿಗಿಯುವಾಗಲೂ ಪೈಪ್ ಹಾಕಿದರೆ ಬೋಲ್ಟಿನ ಥ್ರೆಡ್ಡು ಹಾಳಾಗುತ್ತದೆ, ಬೋಲ್ಟೇ ಮುರಿದರೂ ಮುರಿಯಿತು.

ಬುದ್ಧಿ ಬಂತು ಅಂತ ಆ ವಾರವೇ ಆನ್‌ಲೈನಿನಲ್ಲಿ 46 ತುಂಡುಗಳ ಸಾಕೆಟ್ ಸೆಟ್ ತರಿಸಿದೆ. ಸಾಕೆಟ್ ಅಂದರೆ ಹಿಡಿಗೆ ಸಿಕ್ಕಿಸಿ ನಟ್ಟಿನ ಮೇಲೆ ಟೋಪಿಯ ಹಾಗೆ ಕೂರಿಸುವುದು. ಚೆಂದದ ಡಬ್ಬಿ, ಸಾಲಾಗಿ ಹೊಳೆಯುವ ಸಾಕೆಟ್‌ಗಳು. ಹೊಸದಾಗಿ ಕಾರು ಕೊಂಡವರೆಲ್ಲ ಮೊದಲು ಮಾಡುವ ಖರ್ಚು ಇದೇ ಅಂತ ಕಾಣುತ್ತದೆ. ಆ ಡಬ್ಬಿಯಲ್ಲಿ ಇರುವುದು ಕಾಲಿಂಚಿನ ಹಿಡಿ (ಸಾಕೆಟ್ ಸಿಕ್ಕಿಸುವ ಚೌಕ ತುದಿಯ ಅಳತೆ ಅದು), ಸಾಕೆಟ್ 4ರಿಂದ 14 ಎಂಎಂವರೆಗೆ. ನನ್ನ ಚಕ್ರದ ನಟ್ 19! ಅಂದರೆ ಯಾವ ಕೆಲಸಕ್ಕೆ ಅಂತ ತಂದೆನೋ ಆ ಕೆಲಸಕ್ಕೇ ಬರುವುದಿಲ್ಲ. ಇನ್ನೊಂದು ಬಿಗಿಯಾದ 14ರ ಬೋಲ್ಟಿಗೆ ಹಾಕಿ ಜಗ್ಗಿದಾಗ ಒಳಗಿನ ಹಲ್ಲು ಮುರಿದು ಹಿಡಿ ಎರಡೂ ಕಡೆ ಸುತ್ತತೊಡಗಿತು. ಬಾನೆಟ್ ಒಳಗಿನ ಸಣ್ಣಪುಟ್ಟ ಕೆಲಸಕ್ಕೆ ಅಂಥ ಸೆಟ್ ಚೆನ್ನಾಗಿಯೇ ಇದೆ, ಕೈ ತೂರದ ಜಾಗಕ್ಕೆ ಹೋಗುತ್ತದೆ. ಚಕ್ರಕ್ಕೆ, ಸಸ್ಪೆನ್ಷನ್ನಿಗೆ ಅರ್ಧ ಇಂಚಿನ ಹಿಡಿ ಬೇಕು.

ಹಾಗಾಗಿ ನಾನು ಹೇಳುವುದಾದರೆ, ಅಂಗಡಿಗೆ ಹೋಗುವ ಮುಂಚೆ ನಿಮ್ಮ ಗಾಡಿಯ ಸುತ್ತ ಒಮ್ಮೆ ಸುತ್ತಿ. ಒಂದು ಭಾನುವಾರ ನಮ್ಮ ಚಿಕ್ಕಪ್ಪನ ಹತ್ತಿರ ಪೂರ್ತಿ ಪಾನದ ಸೆಟ್ ಇಸಕೊಂಡು ಬಂದು, ನನ್ನ ಕೈಗೆ ಎಟುಕುವ ಒಂದೊಂದು ನಟ್ಟಿಗೂ ಹಾಕಿ ನೋಡಿದೆ. ಚಕ್ರ 19, ಬ್ಯಾಟರಿ ಟರ್ಮಿನಲ್ 10, ಸ್ಪಾರ್ಕ್ ಪ್ಲಗ್ಗಿಗೆ 16ರ ಉದ್ದ ಸಾಕೆಟ್, ಬಾಕಿ ಎಲ್ಲ ಹೆಚ್ಚುಕಮ್ಮಿ 10, 12, 14. ಚೀಟಿ ಬರೆದು ಡಬ್ಬದ ಮುಚ್ಚಳಕ್ಕೆ ಅಂಟಿಸಿದೆ. ಪಕ್ಕದ ಮನೆಯವರ ಹುಂಡೈಗೆ ಚಕ್ರದ ನಟ್ 21, ನನ್ನ ಎಲ್ ಪಾನ ಅವರಿಗೆ ಆಗುವುದಿಲ್ಲ. ಆದ್ದರಿಂದ 17, 19, 21, 23 ನಾಲ್ಕೂ ತುದಿಯಿರುವ ಪ್ಲಸ್ ಆಕಾರದ ಪಾನ ಒಂದಿದ್ದರೆ ಬೀದಿಗೆಲ್ಲ ಆಯಿತು.

ಆಮೇಲೆ ಪಿ.ಬಿ. ರಸ್ತೆಯ ಒಂದು ಸ್ಪೇರ್ ಅಂಗಡಿಗೆ ಚೀಟಿ ಹಿಡಿದು ಹೋದೆ. ಕೌಂಟರ್ ಹಿಂದಿನ ಯಜಮಾನರು ಚೀಟಿ ನೋಡಿ, "ಮೇಡಂ, ಮೆಕ್ಯಾನಿಕ್ ಏನ್ ಹೇಳಿ ಕಳಿಸ್ಯಾನ?" ಅಂದರು. ಮೆಕ್ಯಾನಿಕ್ ನಾನೇ ಅಂದೆ. ಸ್ವಲ್ಪ ಹೊತ್ತು ನೋಡಿ, ಆಮೇಲೆ ತಾವೇ ಒಳಗಿಂದ ತಪಾರಿಯಾ ಕಂಪನಿಯ ಪಾನಗಳನ್ನು ತಂದು ಎದುರಿಗೆ ಹರವಿದರು. ಬಾಯಿ ತೆರೆದ ಪಾನಕ್ಕಿಂತ ರಿಂಗ್ ಪಾನ ತಗೊಳ್ಳಿ ಅಂದವರೂ ಅವರೇ. ಬಾಯಿ ಪಾನ ನಟ್ಟನ್ನು ಎರಡೇ ಕಡೆ ಹಿಡಿಯುತ್ತದೆ, ಬಿಗಿಯಾಗಿದ್ದರೆ ಜಾರಿ ಮೂಲೆ ಸವೆದು ನಟ್ ಉರುಟಾಗುತ್ತದೆ. ಒಮ್ಮೆ ಉರುಟಾದರೆ ಮುಗೀತು, ಯಾವ ಪಾನವೂ ಹಿಡಿಯುವುದಿಲ್ಲ. ರಿಂಗ್ ಸುತ್ತಲೂ ಅಪ್ಪಿಕೊಳ್ಳುತ್ತದೆ. ಒಂದು ತುದಿ ಬಾಯಿ, ಇನ್ನೊಂದು ತುದಿ ರಿಂಗ್ ಇರುವ ಪಾನಗಳಲ್ಲಿ 8ರಿಂದ 19ರವರೆಗೆ ಬಿಡಿಬಿಡಿಯಾಗಿ ತಗೊಂಡೆ. ಸಾಕೆಟ್ ತಗೊಳ್ಳುವಾಗಲೂ ಒಳಗೆ ಆರು ಮೂಲೆ ಇರುವುದನ್ನೇ ನೋಡಿ, ಹನ್ನೆರಡು ಮೂಲೆಯದ್ದು ಹಳೇ ನಟ್ಟಿನ ಮೇಲೆ ಬೇಗ ಜಾರುತ್ತದೆ. ಕಟಿಂಗ್ ಪ್ಲೇಯರ್, ಒಂದು ಉದ್ದ ಮೂತಿಯ ಪ್ಲೇಯರ್, ಎರಡು ಸ್ಕ್ರೂ ಡ್ರೈವರ್, ಒಂದು ತಲೆಗೆ ಕಟ್ಟುವ ಟಾರ್ಚು. ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಒಮ್ಮೆ ಕೆಲಸ ಮಾಡಿ ನೋಡಿ, ಈ ತಲೆ ಟಾರ್ಚಿನ ಬೆಲೆ ತಿಳಿಯುತ್ತದೆ.

ಟ್ಯೂಬ್‌ಲೆಸ್ ಟೈರಿನ ಪಂಕ್ಚರ್ ಕಿಟ್ ಮತ್ತು ಕಾರಿನ 12 ವೋಲ್ಟಿನಿಂದ ಓಡುವ ಗಾಳಿ ಹೊಡೆಯುವ ಮಷಿನ್, ಇವೆರಡೂ ಬಂದ ಮೇಲೆ ಸ್ಟೆಪ್ನಿ ತೆಗೆಯುವುದೇ ಅಪರೂಪ. ಮೊಳೆ ಕಿತ್ತು, ತೂತಿಗೆ ಅರ ಹಾಕಿ ಉಜ್ಜಿ, ಗಮ್ ಹಚ್ಚಿದ ರಬ್ಬರ್ ಬತ್ತಿಯನ್ನು ಸೂಜಿಯಿಂದ ಒಳಗೆ ತಳ್ಳಿ ಸೂಜಿ ಮಾತ್ರ ವಾಪಸ್ ಎಳೆಯುವುದು. ಮೊದಲ ಸಲ ಬತ್ತಿಯೂ ಸೂಜಿ ಜೊತೆ ಈಚೆಗೇ ಬಂತು, ಎರಡನೇ ಸಲ ಕೂತಿತು. ನೆಲಕ್ಕೆ ತಾಗುವ ಭಾಗದ ತೂತಿಗೆ ಮಾತ್ರ ಇದು ನಡೆಯುತ್ತದೆ. ಟೈರಿನ ಪಕ್ಕದ ಗೋಡೆ ಸೀಳಿದ್ದರೆ ಸುಮ್ನೆ ಸ್ಟೆಪ್ನಿ ಹಾಕಿ. ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಇರುತ್ತದೆ, ಪಂಪಿನ ಹುಡುಗ "35 ಹಾಕ್ಲಾ" ಅಂದರೆ ತಲೆ ಆಡಿಸಬೇಡಿ. ತಿಂಗಳಿಗೊಮ್ಮೆ ಸ್ಟೆಪ್ನಿಗೂ ನೋಡಿ, ನನ್ನ ಕತೆ ಕೇಳಿದಿರಲ್ಲ.

ಎರಡನೇ ವರ್ಷದ ಪಜೀತಿ ಬ್ಯಾಟರಿಯದ್ದು. ಡಿಸೆಂಬರ್ ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಕಟಕಟ. ಬಾನೆಟ್ ಎತ್ತಿದರೆ ಟರ್ಮಿನಲ್ ಮೇಲೆ ಬಿಳಿ ಹಸಿರು ಹುಡಿ, ಹಳೇ ಹಿತ್ತಾಳೆ ಚೊಂಬಿಗೆ ಹಿಡಿಯುತ್ತದಲ್ಲ ಹಾಗೆ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಸುರಿದೆ, ಬುಸ್ಸಂತ ನೊರೆ ಬಂದು ಎಲ್ಲ ಬಿಟ್ಟಿತು. ಕೇಬಲ್ ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೈನಸ್ ಕೊನೆಗೆ. ಗಾಡಿಯ ಬಾಡಿಯೆಲ್ಲ ಮೈನಸ್ಸೇ. ಪ್ಲಸ್ ಮೊದಲು ಬಿಚ್ಚಲು ಹೋಗಿ ಪಾನ ಪಕ್ಕದ ತಗಡಿಗೆ ತಾಗಿದರೆ ಅಲ್ಲೇ ವೆಲ್ಡಿಂಗ್ ಕಿಡಿ.

ಆಮೇಲೆ 300 ರೂಪಾಯಿ ಆಸುಪಾಸಿನ ಒಂದು ಮಲ್ಟಿಮೀಟರ್ ತಂದೆ. ಇಡೀ ಡಬ್ಬದಲ್ಲಿ ನನಗೆ ಇಷ್ಟದ ವಸ್ತು ಅದೇ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದಾಗ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧ. ಇಂಜಿನ್ ಓಡುವಾಗ 14ರ ಆಸುಪಾಸು ತೋರಿಸಬೇಕು, 12ರಲ್ಲೇ ನಿಂತಿದ್ದರೆ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ, ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಬೇಕು. ಇದು ಗೊತ್ತಿಲ್ಲದೆ ಹೊಸ ಬ್ಯಾಟರಿ ಹಾಕಿಸಿ ವಾರಕ್ಕೆ ಮತ್ತೆ ತಳ್ಳಿದವರನ್ನು ನೋಡಿದ್ದೇನೆ. ಅಂದ ಹಾಗೆ ಮನೆಯ ಕರೆಂಟ್ ಟೆಸ್ಟರ್ ಕಾರಿನಲ್ಲಿ ಉರಿಯುವುದಿಲ್ಲ, 12 ವೋಲ್ಟ್ ಅದಕ್ಕೆ ಸಾಲದು. ಅರ್ಧ ಗಂಟೆ ಎಲ್ಲಾ ವೈರಿಗೂ ಇಟ್ಟು ನೋಡಿ ಕರೆಂಟೇ ಬರುತ್ತಿಲ್ಲ ಅಂತ ಕೂತಿದ್ದೆ.

ಜಂಪರ್ ಕೇಬಲ್ ಕೂಡ ಇಟ್ಟುಕೊಳ್ಳಿ, ದಪ್ಪ ಇರಲಿ, ತೆಳ್ಳಗಿನದ್ದು ಬಿಸಿಯಾಗುತ್ತದೆ ಅಷ್ಟೇ. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೇ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಒಳ್ಳೇ ಬ್ಯಾಟರಿಯ ಮೈನಸ್ಸಿಗೆ, ಕೊನೇ ತುದಿ ಸತ್ತ ಗಾಡಿಯ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೇ ತುದಿ ತಾಗಿಸುವಾಗ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಬರುವ ಹೈಡ್ರೋಜನ್ ಹತ್ತಿರ ಕಿಡಿ ಬೇಡ. ತೆಗೆಯುವಾಗ ಇದೆಲ್ಲ ಉಲ್ಟಾ.

ನಮ್ಮ ಕಡೆ ಇನ್ನೊಂದು ಕಾಟ ಇದೆ, ಇಲಿ. ಮೆಕ್ಕೆಜೋಳ ರಾಶಿ ಮಾಡುವ ಕಾಲದಲ್ಲಿ ಕಣದ ಹತ್ತಿರ ಗಾಡಿ ನಿಲ್ಲಿಸಿದರೆ ಬಾನೆಟ್ ಒಳಗೆ ಸಂಸಾರ ಹೂಡುತ್ತವೆ. ಒಂದು ಸಲ ಹೆಡ್‌ಲೈಟ್ ವೈರ್ ಕಡಿದು ಫ್ಯೂಸ್ ಹೋಯಿತು. ಅದಕ್ಕೇ ಇನ್ಸುಲೇಷನ್ ಟೇಪು, ಒಂದಷ್ಟು ವೈರು, ಫ್ಯೂಸುಗಳು ಡಬ್ಬದಲ್ಲಿವೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಯಾವ ಬಣ್ಣದ್ದು ಹೋಗಿದೆಯೋ ಅದೇ ಬಣ್ಣದ್ದು ಹಾಕಿ. ಮನೆ ಫ್ಯೂಸಿಗೆ ತಂತಿ ಸುತ್ತಿದ ಹಾಗೆ ಇಲ್ಲಿ ಸುತ್ತಿದರೆ ಫ್ಯೂಸ್ ಉಳಿದು ಗಾಡಿ ಸುಡುತ್ತದೆ.

ಏಪ್ರಿಲ್ ಬಿಸಿಲಲ್ಲಿ ಹಿರಿಯೂರು, ಚಿತ್ರದುರ್ಗ ಕಡೆ ಹೊರಟರೆ ಒಂದು ಲೀಟರ್ ಕೂಲಂಟ್, ಎರಡು ಬಾಟಲಿ ನೀರು. ಇಂಜಿನ್ ಕಾದಿದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ, ಕುಕ್ಕರ್ ಕೂಗುವಾಗ ಮುಚ್ಚಳ ತೆಗೆಯುತ್ತೀರಾ? ರಾಷ್ಟ್ರೀಯ ಹೆದ್ದಾರಿಯಲ್ಲಿ ಕೈಮೀರಿದರೆ ಅದರ ಸಹಾಯವಾಣಿ 1033ಕ್ಕೆ ಫೋನ್ ಮಾಡಿ, ಒಳರಸ್ತೆಯಲ್ಲಾದರೆ ಟ್ರ್ಯಾಕ್ಟರ್ ಬರುವವರೆಗೆ ಕಾಯಿರಿ. ಬ್ರೇಕು, ಎಸಿ ಗ್ಯಾಸು, ಏರ್‌ಬ್ಯಾಗಿನ ಹಳದಿ ವೈರುಗಳು, ಇವನ್ನು ನಾನು ಮುಟ್ಟುವುದಿಲ್ಲ. ಬರೀ ಜಾಕ್ ಮೇಲಿರುವ ಗಾಡಿಯ ಕೆಳಗೆ ತಲೆ ಹಾಕುವುದೂ ಇಲ್ಲ. ಅದಕ್ಕೆ ಗಾಡಿಯ ಭಾರ ಹೊರುವ ಸ್ಟ್ಯಾಂಡ್ ಬೇಕು, ಮುಂದಿನ ಸಂಬಳಕ್ಕೆ ಅದೇ.

ಮಣೆ ಆ ಎರೆ ಮಣ್ಣಿನ ಸಂಜೆಯ ಮಾರನೇ ದಿನವೇ ಡಿಕ್ಕಿಗೆ ಬಂದಿದ್ದು. ಜಾಕಿನ ಕೆಳಗೆ ಇಟ್ಟರೆ ಭಾರ ಹರಡಿ ಮೆತ್ತನೆ ನೆಲದಲ್ಲೂ ಜಾಕ್ ಬೇಗ ಇಳಿಯುವುದಿಲ್ಲ. ಇಟ್ಟಿಗೆ ಎದುರು ಮೂಲೆಯ ಚಕ್ರದ ಹಿಂದೆ ಮುಂದೆ ಕೊಡುವುದಕ್ಕೆ. ಅಡುಗೆಮನೆ ಅಟ್ಟದಲ್ಲಿ ಧೂಳು ಹಿಡಿದಿತ್ತು, ಯಾರಿಗೂ ಬೇಡ ಅಂದುಕೊಂಡು ತಂದಿದ್ದೆ. ಕಳೆದ ದೀಪಾವಳಿಗೆ ಅವ್ವ ಲಕ್ಷ್ಮಿ ಕೂರಿಸಲು ಅದನ್ನೇ ಹುಡುಕತೊಡಗಿದಳು. ಡಿಕ್ಕಿಯಿಂದ ತೆಗೆದು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ಕೊಟ್ಟೆ. ನಟ್ಟನಡುವೆ ಜಾಕಿನ ತಳ ಒತ್ತಿದ ಚೌಕ ಗುರುತು, ಸುತ್ತ ಗ್ರೀಸಿನ ಕರೆ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಲಕ್ಷ್ಮೀನ್ನ ಇದರ ಮ್ಯಾಲ ಕುಂದ್ರಸ್ಲೇನು, ಟೈರ್ ಕುಂದ್ರಸ್ಲೇನು?" ಅಂದಳು. ಬಡಗಿಗೆ ಎರಡು ಮಣೆ ಹೇಳಿದ್ದೇನೆ. ದೊಡ್ಡದು ಯಾರದ್ದು ಅಂತ ಇನ್ನೂ ತೀರ್ಮಾನ ಆಗಿಲ್ಲ.