ಡೆಫಿನೆಟ್ ಬೇರೆ, ಡೆಫಿನಿಟಿವ್ ಬೇರೆ

ಮಂಗಳೂರಿನ ಆಸ್ಪತ್ರೆಯೊಂದರ ಇನ್ಶೂರೆನ್ಸ್ ಡೆಸ್ಕಿನಲ್ಲಿ ನನ್ನ ಕೆಲಸ. ಕುತ್ತಿಗೆಯ ಗಂಟನ್ನು ತೆಗೆಸಿಕೊಂಡಿದ್ದ ಕಾರ್ಕಳ ಕಡೆಯ ಹಿರಿಯರೊಬ್ಬರ ಡಿಸ್ಚಾರ್ಜ್ ದಿನ ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಟಿಪಿಎಯಿಂದ ಒಂದೇ ಸಾಲಿನ ಕ್ವೆರಿ ಬಂತು: ಡೆಫಿನಿಟಿವ್ ಡಯಾಗ್ನೋಸಿಸ್ ಒದಗಿಸಿ. ಸೂಜಿಯಿಂದ ಗಂಟಿನ ಕೋಶ ತೆಗೆದು ನೋಡುವ ಎಫ್‌ಎನ್‌ಎಸಿ ಪರೀಕ್ಷೆಯ ರಿಪೋರ್ಟಿನಲ್ಲಿ ಟಿಬಿ ಇರುವಂತೆ ತೋರುತ್ತದೆ ಎಂದಷ್ಟೇ ಇತ್ತು. ಡಾಕ್ಟರು ಅದನ್ನೇ ಖಂಡಿತವೆಂದು ಬರೆದುಕೊಟ್ಟರೆ ಸಾಕೆಂದು ತಿಳಿದ ನಾನು ತುಂಬಿದ್ದ ಒಪಿಡಿಗೆ ನುಗ್ಗಿ, ಸರ್ಜನ್ ಅವರಿಂದ ‘ಕ್ಲಿನಿಕಲಿ ಡೆಫಿನೆಟ್’ ಎಂದು ಬರೆಸಿ, ಸೀಲು ಹಾಕಿಸಿ ಅಪ್‌ಲೋಡ್ ಮಾಡಿದೆ.

ಡಿಸ್ಚಾರ್ಜ್ ಅನುಮತಿ 3 ಗಂಟೆಯೊಳಗೆ ಸಿಗಬೇಕೆಂದು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರ ಸುತ್ತೋಲೆಯಲ್ಲಿ ಹೇಳಿದೆ. ಆದರೆ ಕ್ವೆರಿ ಬಿದ್ದ ಮೇಲೆ ಆ ಗಡುವು ಯಾರ ಲೆಕ್ಕಕ್ಕೆ ಎಂಬುದೇ ನಮ್ಮಲ್ಲಿ ನಿತ್ಯದ ಜಗಳ. ಕ್ಯಾನುಲಾ ತೆಗೆದ ಕೈಗೆ ಹತ್ತಿ ಅಂಟಿಸಿಕೊಂಡು ಹಿರಿಯರು ವೀಲ್‌ಚೇರಿನಲ್ಲಿ ಕುಳಿತಿದ್ದರು. “ಎಂತ ಆಯ್ತು ಮೇಡಂ? ಇನ್ನು ತಡವಾದರೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಬಸ್ಸು ಸಿಗುವುದಿಲ್ಲ” ಎಂದು ಮಗ ಮತ್ತೆ ಮತ್ತೆ ಕೌಂಟರಿಗೆ ಬರುತ್ತಿದ್ದರು. ಪೋರ್ಟಲ್ ರಿಫ್ರೆಶ್ ಮಾಡುವುದನ್ನು ಬಿಟ್ಟು ನನಗೆ ಬೇರೆ ಕೆಲಸವೇ ಇರಲಿಲ್ಲ. ಕೊನೆಗೆ ಬಂದದ್ದು ಅದೇ ಕ್ವೆರಿ, ಕೆಳಗೆ ಎಚ್‌ಪಿಇ ರಿಪೋರ್ಟ್ (ತೆಗೆದ ಗಂಟನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ವರದಿ) ಎಲ್ಲಿ ಎಂಬ ಪ್ರಶ್ನೆಯೊಂದಿಗೆ.

ಸರ್ಜನ್ ಫೋನಿನಲ್ಲಿ ನಕ್ಕರು. “ಡೆಫಿನೆಟ್ ಅಂದರೆ ನನಗೆ ಸಂಶಯ ಇಲ್ಲ ಅಂತ ಮಾತ್ರ ಮಾರಾಯ್ರೆ. ಡೆಫಿನಿಟಿವ್ ಹೇಳಬೇಕಾದ್ದು ಪೆಥಾಲಜಿಯವರು.” ಗಂಟು ಇನ್ನೂ ಫಾರ್ಮಲಿನ್‌ನಲ್ಲಿತ್ತು, ಅದನ್ನು ಮೇಣದ ಬ್ಲಾಕ್ ಮಾಡಿ, ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ನೋಡುವುದಕ್ಕೆ ದಿನಗಳೇ ಬೇಕು. ಎಚ್‌ಪಿಇ ಬಾಕಿ ಇದೆ, ಬಂದ ಮೇಲೆ ಸಲ್ಲಿಸುತ್ತೇವೆ ಎಂದು ಬರೆದು ಕಳುಹಿಸಿದೆವು. ಅಷ್ಟಕ್ಕೇ ಅಪ್ರೂವಲ್ ಬಂತು. ಮೊದಲೇ ಹಾಗೆ ಬರೆಯಬಹುದಿತ್ತು.

ಡೆಫಿನಿಟಿವ್ ಎಂದರೆ ಕೊನೆಯದು ಎಂದೂ ಅಲ್ಲವೆಂಬುದು ಆರ್ಥೋ ಫೈಲುಗಳನ್ನು ನೋಡುವಾಗ ತಿಳಿಯಿತು. ಅಪಘಾತದಲ್ಲಿ ಕಾಲು ಮುರಿದವರಿಗೆ ಕೆಲವೊಮ್ಮೆ ಮೊದಲು ಮೂಳೆಯನ್ನು ಹೊರಗಿನಿಂದ ಹಿಡಿದಿಡುವ ಫಿಕ್ಸೇಟರ್ ಹಾಕಿ, ಊತ ಇಳಿದ ಮೇಲೆ ಪ್ಲೇಟನ್ನೋ ಮೂಳೆಯೊಳಗಿನ ಸರಳನ್ನೋ (ನೇಲ್) ಕೂರಿಸುತ್ತಾರೆ. ಡೆಫಿನಿಟಿವ್ ಫಿಕ್ಸೇಶನ್ ಎನ್ನುವುದು ಈ ಎರಡನೆಯದನ್ನು, ಏಕೆಂದರೆ ಮೂಳೆ ಕೂಡಬೇಕಾದದ್ದು ಅದರ ಆಸರೆಯಲ್ಲಿ. ಮುಂದೆ ಅದೇ ಇಂಪ್ಲಾಂಟನ್ನು ತೆಗೆಯುವುದಕ್ಕೆ ಇನ್ನೊಂದು ಸರ್ಜರಿ ಆದರೂ ಆ ಹೆಸರು ಬದಲಾಗುವುದಿಲ್ಲ.

ನಾವು ಬಳಸುವ ಪೋರ್ಟಲಿಗೆ ಮಾತ್ರ ಇದಾವುದೂ ಗೊತ್ತಿಲ್ಲ. ಅಲ್ಲಿರುವುದು ಪ್ರೊವಿಶನಲ್ ಮತ್ತು ಫೈನಲ್ ಎಂಬ ಎರಡೇ ಆಯ್ಕೆಗಳು. ಪ್ರೊವಿಶನಲ್ ಒತ್ತಿದರೆ ಡಿಸ್ಚಾರ್ಜ್ ಫೈಲು ಮುಂದೆ ಹೋಗುವುದಿಲ್ಲ, ಫೈನಲ್ ಒತ್ತಿದರೆ ಎಚ್‌ಪಿಇ ಕೇಳಿ ಕ್ವೆರಿ ಬರುತ್ತದೆ. ಮೂರನೆಯ ಆಯ್ಕೆ ಸೇರಿಸಿ ಎಂದು ಮ್ಯಾನೇಜ್‌ಮೆಂಟಿಗೆ ಕಳುಹಿಸಿದ ಮೇಲ್‌ಗೆ ಉತ್ತರ ಬಂದಿಲ್ಲ.