ಅಳಿಲಿನ ಸಾಲು

ನಮ್ಮ ಪತ್ರಿಕೆಯ ಡೆಸ್ಕಿನಲ್ಲಿ ‘ನಿಧನ’ ಕಾಲಂ ಯಾರಿಗೂ ಬೇಡದ ಕೆಲಸ. ಹೊಸದಾಗಿ ಸೇರಿದವರ ತಲೆಗೆ ಕಟ್ಟುತ್ತಾರೆ, ಇಲ್ಲಾಂದ್ರೆ ಚೀಫ್ ಸಬ್ ಎಡಿಟರ್ ಜೊತೆ ಜಗಳ ಆಡಿದವರ ತಲೆಗೆ. 2021ರ ಮೇ ತಿಂಗಳಲ್ಲಿ ನಾನು ಎರಡನೇ ಪಂಗಡದಲ್ಲಿದ್ದೆ.

ಮಾಮೂಲಿ ದಿನ ನಾಲ್ಕೈದು ಐಟಂ ಬರುತ್ತಿತ್ತು. ಆಗ ಇಪ್ಪತ್ತರ ಹತ್ತಿರ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಜಾಸ್ತಿ ಹೊಸ ಕೋವಿಡ್ ಕೇಸು. 10ರಿಂದ ಲಾಕ್‌ಡೌನ್. ಆ್ಯಡ್ ಇಲ್ಲ ಅಂತ ಪುಟ ಇಳಿಸಿದ್ದರು. ಸಾವು ಜಾಸ್ತಿ, ಜಾಗ ಕಮ್ಮಿ. ಒಬ್ಬರಿಗೆ ಮೂರೇ ಸಾಲು ಅಂತ ಮೇಲಿಂದ ಆರ್ಡರ್. ಹೆಸರು, ವಯಸ್ಸು, ‘ಮೃತರಿಗೆ ಪತ್ನಿ, ಇಬ್ಬರು ಪುತ್ರರು ಇದ್ದಾರೆ’. ಮುಗೀತು.

ಇನ್ನು ಊರೂರಿಂದ ಸುದ್ದಿ ಕಳಿಸುವ ಸ್ಟ್ರಿಂಗರ್‌ಗಳ ಕಾಪಿ. ಒಬ್ಬರದು ‘ನುಡಿ’ ಫಾಂಟಿನಲ್ಲಿ, ಒಬ್ಬರದು ಯುನಿಕೋಡ್‌ನಲ್ಲಿ, ಇನ್ನೊಬ್ಬರದು ಚೀಟಿಯ ಫೋಟೊ. ಕನ್ವರ್ಟರ್‌ಗೆ ಹಾಕಿದರೆ ಅರ್ಕಾವತ್ತು ಎಲ್ಲೋ ಹಾರಿಹೋಗಿ ಕೂರುತ್ತಿತ್ತು. ಹೊಸ ಸಾಫ್ಟ್‌ವೇರ್ ಬರುತ್ತೆ ಅಂತ ಆಗಲೂ ಹೇಳುತ್ತಿದ್ದರು. ಇವತ್ತಿಗೂ ಬರ್ತಾನೇ ಇದೆ.

ಆ ರಾತ್ರಿ 10.40. 11ಕ್ಕೆ ಪುಟ ಬಿಡಬೇಕು. ಹದಿನೇಳೋ ಹದಿನೆಂಟೋ ಐಟಂ ಮುಗಿಸಿದ್ದೆ. ಮುಂದಿನದು ಒಂದು ತಾಲ್ಲೂಕಿನಿಂದ ಬಂದದ್ದು. ನಿವೃತ್ತ ಅಂಚೆ ಪೇದೆ, 76 ವರ್ಷ. ಕೊನೆಯಲ್ಲಿ ಒಂದು ಸಾಲು: ‘ದಿನಾ ಸಂಜೆ ನಾಲ್ಕು ಗಂಟೆಗೆ ಬಸ್ ಸ್ಟ್ಯಾಂಡಿನ ಹೊಂಗೆ ಮರದ ಕಟ್ಟೆ ಮೇಲೆ ಕೂತು ಕಡ್ಲೆಕಾಯಿ ಸುಲಿದು, ಒಂದು ತಾವು ತಿಂದು ಒಂದು ಅಳಿಲಿಗೆ ಹಾಕುತ್ತಿದ್ದರು.’

ಪುಟ ಕಟ್ಟುತ್ತಿದ್ದ ಹುಡುಗನಿಗೆ ಜೋರಾಗಿ ಓದಿ ಹೇಳಿದೆ. ‘ಅಳಿಲಿನ ಸಂತಾಪನೂ ಹಾಕೋಣ್ವಾ ಸಾರ್?’ ಅಂದ. ಇಬ್ಬರೂ ನಕ್ಕೆವು. ಸೆಲೆಕ್ಟ್, ಡಿಲೀಟ್.

10.52ಕ್ಕೆ ಆ್ಯಡ್ ಸೆಕ್ಷನ್‌ನಿಂದ ಫೋನು. ಅದೇ ಪುಟದ ಒಂದು ಆ್ಯಡ್ ಕ್ಯಾನ್ಸಲ್. ಡಬಲ್ ಕಾಲಂ, ಎಂಟು ಸೆಂಟಿಮೀಟರ್ ತೂತು. ಎದೆ ಧಸಕ್ ಅಂತು. ಫಿಲ್ಲರ್ ಫೋಲ್ಡರ್ ತೆಗೆದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡೆ: ‘ಬೇಸಿಗೆಗೆ ಮಜ್ಜಿಗೆ: ಹತ್ತು ಲಾಭಗಳು’. ಎಂಟೇ ಹಿಡಿಸಿತು. ಎರಡು ಲಾಭ ಕತ್ತರಿಸಿ ಹೆಡ್ಡಿಂಗಿನಲ್ಲೂ ಎಂಟು ಮಾಡಿದೆ. 10.59ಕ್ಕೆ ಪುಟ ಹೋಯಿತು. ಇಷ್ಟು ಟೆನ್ಷನ್‌ನಲ್ಲೂ ಹೆಡ್ಡಿಂಗ್ ತಿದ್ದೋದು ಮರೀಲಿಲ್ಲವಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಮಧ್ಯಾಹ್ನ ಫೋನು. ಅಂಚೆ ಪೇದೆಯ ಮಗಳು. ಪತ್ರಿಕೆ ಎದುರಿಗೇ ಇತ್ತು. 76 ಇದ್ದದ್ದು 67 ಆಗಿತ್ತು. ಆಕೆ ಬಾಯಿ ಬಿಡುವ ಮೊದಲೇ ‘ವಯಸ್ಸು ತಪ್ಪಾಗಿದೆ, ನಾಳೆ ತಿದ್ದುಪಡಿ ಹಾಕ್ತೀವಿ ಮೇಡಂ’ ಅಂದುಬಿಟ್ಟೆ.

‘ವಯಸ್ಸು ಬಿಡಿ ಸಾರ್. ಅಳಿಲಿನ ಸಾಲು ಯಾಕೆ ಹಾಕ್ಲಿಲ್ಲ?’

‘ಜಾಗ ಇರಲಿಲ್ಲ ಮೇಡಂ’ ಅಂದೆ. ಬಾಯಿಪಾಠದ ಮಾತು, ತಾನಾಗೇ ಬಂತು.

ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಅಪ್ಪನ ಮುಖ ನೋಡೋಕೂ ಬಿಡಲಿಲ್ಲವಂತೆ. ಸುತ್ತಿದ್ದ ಪ್ಲಾಸ್ಟಿಕ್‌ಗೆ ದೂರದಿಂದಲೇ ಕೈ ಮುಗಿದರಂತೆ. ‘ಮಿಕ್ಕಿದ್ದೆಲ್ಲ ನಿಮ್ಮ ರಿಪೋರ್ಟರ್ ಕೇಳಿ ಬರಕೊಂಡಿದ್ದು ಸಾರ್. ಅದೊಂದು ಸಾಲು ಮಾತ್ರ ನಾವು ಮನೆಯವರು ಕೂತು ಬರೆದಿದ್ದು.’

ಪತ್ರಿಕೆ ನನ್ನ ಮುಂದೆ ಹರಡಿಕೊಂಡೇ ಇತ್ತು. ಅವರಪ್ಪನ ಮೂರು ಸಾಲು. ಅದರ ಕೆಳಗೆ, ಡಬಲ್ ಕಾಲಂನಲ್ಲಿ, ಮಜ್ಜಿಗೆ. ಅದು ಆಕೆಗೂ ಕಾಣುತ್ತಿತ್ತು ಅಲ್ವಾ? ಆಕೆ ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಸಾಕಿತ್ತು.

ನಾಚಿಕೆಯ ಇನ್ನೊಂದು ಸಂಗತಿ ಇದೆ. ಅದಕ್ಕೆ ಒಂದು ವರ್ಷ ಮೊದಲು, 2020ರ ಮೇ 24ರಂದು, ಅಮೆರಿಕದಲ್ಲಿ ಕೋವಿಡ್ ಸಾವು ಒಂದು ಲಕ್ಷದ ಹತ್ತಿರ ಬಂದಾಗ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಬರೀ ಹೆಸರುಗಳನ್ನು ಹಾಕಿತ್ತು. ಒಳಪುಟಗಳೂ ಸೇರಿ ಸಾವಿರ ಜನ. ಒಂದೂ ಫೋಟೊ ಇಲ್ಲ. ಹೆಸರಿನ ಪಕ್ಕ ಬದುಕಿನ ಒಂದು ಚೂರು. ಆ ಚೂರುಗಳನ್ನು ಊರೂರಿನ ಪತ್ರಿಕೆಗಳ ನಿಧನ ವಾರ್ತೆಗಳಿಂದಲೇ ಹೆಕ್ಕಿದ್ದರು. ಅಂದರೆ ನನ್ನಂಥ ಯಾರೋ ಸಬ್ ಎಡಿಟರ್ ಡಿಲೀಟ್ ಮಾಡದೆ ಬಿಟ್ಟ ಸಾಲುಗಳು. ಆ ಪುಟವನ್ನು ಡೆಸ್ಕ್ ಗ್ರೂಪಿಗೆ ಹಾಕಿ ‘ಪತ್ರಿಕೆ ಅಂದ್ರೆ ಇದು’ ಅಂತ ಬರೆದವನು ನಾನೇ.

ತಿದ್ದುಪಡಿಯ ಜೊತೆ ಅಳಿಲಿನ ಸಾಲನ್ನೂ ಹಾಕಿದೆ. ‘ತಿದ್ದುಪಡಿಗೆ ಇಷ್ಟುದ್ದ ಯಾಕೆ?’ ಅಂತ ಚೀಫ್ ಸಬ್ ಗೊಣಗಿದರು. ಅವರ ಪಾಡು ಅವರಿಗೆ. ಆಮೇಲೆ ಸ್ಟ್ರಿಂಗರ್‌ಗಳಿಗೆ ಒಂದು ಮೆಸೇಜ್ ಕಳಿಸಿದೆ: ಮನೆಯವರನ್ನು ‘ಸಂಜೆ ಹೊತ್ತು ಏನು ಮಾಡ್ತಿದ್ರು?’ ಅಂತಲೂ ಕೇಳಿ. ಹತ್ತು ಜನರಲ್ಲಿ ಇಬ್ಬರು ಕೇಳುತ್ತಿದ್ದರು. ಒಬ್ಬರು ಅಂಗಡಿ ಮುಚ್ಚಿದ ಮೇಲೂ ಹತ್ತು ನಿಮಿಷ ಮೆಟ್ಟಿಲ ಮೇಲೆ ಸುಮ್ನೆ ಕೂರುತ್ತಿದ್ದರಂತೆ. ಒಬ್ಬರು ಹಾಲಿನ ಡೇರಿಗೆ ಬೇಕಂತಲೇ ಸುತ್ತು ದಾರಿಯಲ್ಲಿ ಹೋಗುತ್ತಿದ್ದರಂತೆ. ಮಾಡಿದ ಸಾಧನೆ, ಕಟ್ಟಿಸಿದ ಮನೆ ಯಾರೂ ಹೇಳುತ್ತಿರಲಿಲ್ಲ.

ಇವನ್ನೆಲ್ಲ ಟೈಪ್ ಮಾಡುವಾಗ ಒಂದು ದಿನ ಕೈ ನಿಂತಿತು. ನಮ್ಮಪ್ಪ ಸಂಜೆ ನಾಲ್ಕಕ್ಕೆ ಏನು ಮಾಡ್ತಾರೆ? ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಆ ಹೊತ್ತಿಗೆ ನಾನು ಡ್ಯೂಟಿಗೆ ಹೊರಟಿರುತ್ತೇನೆ. ವಾರದ ರಜೆಯಲ್ಲಿ ಮನೆಯಲ್ಲಿದ್ದರೂ ಮೊಬೈಲಿನಲ್ಲಿ ಬೇರೆ ಎಡಿಷನ್‌ಗಳ ಪುಟ ನೋಡುತ್ತಿರುತ್ತೇನೆ.

ಮುಂದಿನ ರಜೆಯಲ್ಲಿ ಮೊಬೈಲನ್ನು ಒಳಗಿಟ್ಟು ಜಗಲಿಯಲ್ಲಿ ಕೂತೆ. ನಾಲ್ಕಕ್ಕೆ ಅಪ್ಪ ಬಂದರು. ಕಾಫಿ ಲೋಟ, ಪೆನ್ಸಿಲ್, ನಮ್ಮದೇ ಪತ್ರಿಕೆ. ಪದಬಂಧದ ಪುಟವನ್ನು ನಾಲ್ಕಾಗಿ ಮಡಚಿ, ಒಂದು ಪದ ತುಂಬಿ, ಉಜ್ಜಿ ಅಳಿಸಿ, ಮತ್ತೆ ಅದನ್ನೇ ತುಂಬಿದರು. ಒಂದು ಗಂಟೆ ಹಾಗೇ ಕೂತಿದ್ದೆವು. ನಿಧನ ಕಾಲಂ ಓದ್ತೀರಾ ಅಂತ ಕೇಳಿದೆ.

‘ಇಲ್ಲಪ್ಪ’ ಅಂದರು, ಪೆನ್ಸಿಲ್ ಎತ್ತದೆ. ‘ಎಲ್ಲರದೂ ಒಂದೇ ತರ ಇರುತ್ತೆ.’