ಹಾಡಿನ ಪಟ್ಟಿ: ಆರರಲ್ಲಿ ನಾಲ್ಕು ಮುಗಿದವು

ಹೋದ ಸಲ ಬರೆದಾಗ ಎರಡು ಹಾಡು ಬಾಯಿಗೆ ಬಂದಿದ್ದವು. ಈಗ ನಾಲ್ಕು.

ಹೊಸದಾಗಿ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ. ಮೂರು ವರ್ಷ ಜೊತೆಗಿದ್ದವನು ನವೆಂಬರಿನಲ್ಲಿ ಬೇಡ ಅಂದ. ಆಮೇಲೆ ತೋಕ್ಯೋದ ನಿಶಿ-ಕಸಾಯಿಯ ನನ್ನ ಒಂದು ಕೋಣೆಯ ಮನೆಯಲ್ಲಿ ರಾತ್ರಿಯೆಲ್ಲ ಜಪಾನೀ ವಿರಹಗೀತೆ ಹಾಕಿಕೊಂಡು ಕೂರುತ್ತಿದ್ದೆ. ಬರೀ ಕೇಳುತ್ತಿದ್ದರೆ ಎದೆಯ ಭಾರ ಇಳಿಯಲಿಲ್ಲ. ಹಾಗಾಗಿ ಆರು ಹಾಡು ಆರಿಸಿ, ಒಂದೊಂದರ ಅರ್ಥ ಬಿಡಿಸಿ, ಸಾಹಿತ್ಯ ನೋಡದೆ ಹಾಡಲು ಕಲಿಯುತ್ತೇನೆ ಅಂತ ಹಠ ಹಿಡಿದೆ. ಒಂದು ಹಾಡು ಮುಗಿಯಿತು ಅನ್ನಲು ನಾನಿಟ್ಟುಕೊಂಡ ಅಳತೆ ಒಂದೇ: ಗಂಟಲು ಕಟ್ಟದೆ ಕೊನೆಯ ಸಾಲು ಮುಟ್ಟಬೇಕು. ಅಭ್ಯಾಸ ಶನಿವಾರ ಬೆಳಿಗ್ಗೆ, ಸ್ಟೇಷನ್ ಹತ್ತಿರದ ಕರಾವೊಕೆಯಲ್ಲಿ. ಒಬ್ಬರೇ ಹೋಗಿ ಹಾಡುವುದಕ್ಕೆ ಇಲ್ಲಿ ‘ಹಿತೊಕರ’ ಅನ್ನುವ ಹೆಸರೇ ಇದೆ. ಒಬ್ಬಳೇ ಬಂದಳಲ್ಲ ಅಂತ ಯಾರೂ ನೋಡುವುದಿಲ್ಲ.

ಮೊದಲ ಎರಡು ಹಾಡಿನ ವಿಷಯ ಹಿಂದೆಯೇ ಬರೆದಿದ್ದೇನೆ. ಉತದ ಹಿಕರು ಅವರ ‘ಫಸ್ಟ್ ಲವ್’ 1999ರದು. ಆಗ ಆಕೆಗೆ 16 ವರ್ಷ. ಅದೇ ಹೆಸರಿನ ಆಲ್ಬಂ 70 ಲಕ್ಷಕ್ಕೂ ಹೆಚ್ಚು ಮಾರಾಟವಾಗಿ ಜಪಾನಿನ ದಾಖಲೆಯಾಯಿತು. ಕೊನೆಯ ಮುತ್ತಿನಲ್ಲಿದ್ದ ತಂಬಾಕಿನ ರುಚಿಯಿಂದ ಹಾಡು ಶುರುವಾಗುತ್ತದೆ. ನಕಶಿಮ ಮಿಕ ಅವರ ‘ಯುಕಿ ನೊ ಹನ’, ಅಂದರೆ ಹಿಮದ ಹೂ, 2003ರದು. ಅದು ಅಗಲಿಕೆಯ ಹಾಡೇ ಅಲ್ಲ, ಕೈ ಹಿಡಿದು ಮುಸ್ಸಂಜೆಯಲ್ಲಿ ನಡೆಯುವ ಇಬ್ಬರ ಹಾಡು. ನನಗೆ ಅಳು ಬಂದದ್ದೂ ಅದಕ್ಕೇ.

ಈ ಸಲದ ದೊಡ್ಡ ಬದಲಾವಣೆ ಅಂದರೆ ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವುದು ಬಿಟ್ಟೆ. ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜಪಾನೀ ಹಾಡಿನಲ್ಲಿ ಸಾಮಾನ್ಯವಾಗಿ ಒಂದು ಮಾತ್ರೆಗೆ ಒಂದು ಸ್ವರ ಕೂರುತ್ತದೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದು ಗುರು. ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದ್ದೆವಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ! ನಾವು ಬಾಯಿತುಂಬ ‘ಸಯೋನಾರಾ’ ಅನ್ನುತ್ತೇವೆ. ನಿಜಕ್ಕೂ ಅದು ‘ಸಯೋನರ’, ಐದು ಮಾತ್ರೆ. ‘ಯೊ’ ಮೊಟಕಾಗಿ ನಾಲ್ಕು ಮಾತ್ರೆಯ ‘ಸಯೊನರ’ವೂ ಉಂಟು. ಹಿಂದಿ ಅಕ್ಷರದಲ್ಲಿ ಬರೆಯಹೊರಟರೆ ಹ್ರಸ್ವ ಎ, ಒ ಸಿಗುವುದೇ ಇಲ್ಲ. ನಮಗೆ ಅವೆರಡೂ ಇವೆ. ‘ತ್ಸು’ ಬಂದ ಕಡೆ ಮಾತ್ರ ಎಚ್ಚರ ಬೇಕು. ಅದು ನಮ್ಮ ಕಣ್ಣಿಗೆ ಒತ್ತಕ್ಷರ, ಅವರ ಕಿವಿಗೆ ಒಂದೇ ಅಕ್ಷರ. ಅದರ ಹಿಂದಿನದು ಗುರುವಾಗುವುದಿಲ್ಲ.

ಹೀಗೆ ಬರೆದುಕೊಳ್ಳುವಾಗ ಒಂದು ಪದ ಸಿಕ್ಕಿತು: ‘ಮತ್ತೆ’. ಜಪಾನಿಯಲ್ಲಿ ಅದಕ್ಕೆ ‘ತಾಳು’ ಅಂತ ಅರ್ಥ. ಅವತ್ತು ಅಭ್ಯಾಸ ಅಲ್ಲಿಗೇ ನಿಲ್ಲಿಸಿದೆ.

ಮೂರನೆಯ ಹಾಡು ಯಮಜಾಕಿ ಮಸಯೊಶಿ ಅವರ ‘ಒನ್ ಮೋರ್ ಟೈಮ್, ಒನ್ ಮೋರ್ ಚಾನ್ಸ್’. 1997ರಲ್ಲಿ ಬಂದದ್ದು. ಹತ್ತು ವರ್ಷದ ನಂತರ ಶಿಂಕಾಯಿ ಮಕೊತೊ ಅವರ ಅನಿಮೆ ಚಿತ್ರವೊಂದರಲ್ಲಿ ಬಳಕೆಯಾಗಿ ಹೊರದೇಶದವರಿಗೂ ಗೊತ್ತಾಯಿತು. ಕಳೆದುಹೋದವಳನ್ನು ಅವನು ಎಲ್ಲೆಲ್ಲೋ ಹುಡುಕುತ್ತಾನೆ: ಎದುರಿನ ಪ್ಲಾಟ್‌ಫಾರ್ಮಿನಲ್ಲಿ, ಹಿತ್ತಿಲ ಓಣಿಯ ಕಿಟಕಿಯಲ್ಲಿ, ಬೆಳಗಿನ ಜಾವದ ಸಕುರಗಿ-ಚೋದಲ್ಲಿ. ಅಲ್ಲಿ ಇರುವುದಿಲ್ಲ ಅಂತ ಗೊತ್ತಿದ್ದೂ ಹುಡುಕುತ್ತಾನೆ. ಸಾಲುಗಳ ಕ್ರಮ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಒಂದು ಭಾನುವಾರ ಮೊದಲ ರೈಲು ಹತ್ತಿ ಯೊಕೊಹಾಮಾದ ಸಕುರಗಿ-ಚೋಗೆ ಹೋದೆ. 1872ರಲ್ಲಿ ಜಪಾನಿನ ಮೊದಲ ರೈಲುಮಾರ್ಗ ಬಂದು ನಿಂತದ್ದು ಈ ನಿಲ್ದಾಣದಲ್ಲೇ. ಆಗ ಇದರ ಹೆಸರೇ ಯೊಕೊಹಾಮಾ. ಈಗ ಹೊರಗೆ ಬಂದರೆ ಸಮುದ್ರದ ಕಡೆ ಎತ್ತರದ ಕಟ್ಟಡಗಳು, ಜಾಯಿಂಟ್ ವೀಲ್. ನಾನು ಪ್ಲಾಟ್‌ಫಾರ್ಮ್ ಬಿಟ್ಟು ಕದಲಲಿಲ್ಲ. ಒಂದು ತಾಸು ಕೂತು, ಎದುರಿಗೆ ಹತ್ತಿ ಇಳಿಯುವವರ ಮುಖ ನೋಡುತ್ತಾ, ಬಾಯಿಯೊಳಗೇ ಹಾಡಿಕೊಂಡೆ. ಕ್ರಮ ಗಟ್ಟಿಯಾಯಿತು. ನನ್ನನ್ನು ಬೇಡ ಅಂದವನು ಜಪಾನಿಗೆ ಒಮ್ಮೆಯೂ ಬಂದವನಲ್ಲ. ಆದರೂ ಎರಡು ಸಲ ಎದ್ದು ನಿಂತೆ.

ನಾಲ್ಕನೆಯದಕ್ಕೆ ಐದು ವಾರ ಹಿಡಿಯಿತು. ಇಷ್ಟು ಉದ್ದ ಬರೆಯುತ್ತಿರುವುದೂ ಅದಕ್ಕಾಗಿಯೇ. ಹಾಡಿನ ಹೆಸರು ‘ಎಕಿ’, ನಿಲ್ದಾಣ. ತಕೆಉಚಿ ಮರಿಯ ಇದನ್ನು ನಕಮೊರಿ ಅಕಿನ ಅವರಿಗಾಗಿ ಬರೆದರು. 1986ರಲ್ಲಿ ಅಕಿನ ಹಾಡಿದರು, ಮರುವರ್ಷ ಮರಿಯ ತಾವೇ ಹಾಡಿದರು. ಸಂಜೆಯ ಜನಜಂಗುಳಿಯಲ್ಲಿ ಹೆಂಗಸೊಬ್ಬಳು ಪರಿಚಿತ ರೇನ್‌ಕೋಟ್ ಕಂಡು ಹಳೆಯ ಪ್ರಿಯಕರನನ್ನು ಗುರುತಿಸುತ್ತಾಳೆ. ಮಾತಾಡಿಸುವುದಿಲ್ಲ. ಪಕ್ಕದ ಬೋಗಿ ಹತ್ತಿ, ಅಲ್ಲಿಂದ ಅವನ ಮುಖ ನೋಡುತ್ತಾಳೆ. ಅವನು ಇಳಿದು ಗುಂಪಿನಲ್ಲಿ ಮರೆಯಾಗುತ್ತಾನೆ. ಅವಳು ಟಿಕೆಟ್ ಗೇಟ್ ದಾಟುವ ಹೊತ್ತಿಗೆ ಮಳೆ ನಿಲ್ಲುತ್ತಾ ಬಂದಿರುತ್ತದೆ, ಊರಿಗೆ ಎಂದಿನಂಥದೇ ಒಂದು ರಾತ್ರಿ ಬರುತ್ತದೆ. ನಡೆಯುವುದು ಇಷ್ಟೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನ ಒಂದು ಸಾಲು. ‘ವತಶಿ ದಕೆ’ ಅಂತ ಬರುತ್ತದೆ. ‘ವತಶಿ’ ಅಂದರೆ ನಾನು, ‘ದಕೆ’ ಅಂದರೆ ಮಾತ್ರ. ಮುಂದೆ ಪ್ರೀತಿಸಿದ್ದರ ಮಾತು. ವಿಭಕ್ತಿ ಇಲ್ಲ. ‘ನನ್ನನ್ನು ಮಾತ್ರ ಪ್ರೀತಿಸಿದ್ದೆ ನೀನು’ ಅಂತಲೂ ಆಗಬಹುದು, ‘ಪ್ರೀತಿಸಿದ್ದು ನಾನು ಮಾತ್ರ’ ಅಂತಲೂ ಆಗಬಹುದು. ಒಂದರಲ್ಲಿ ಅವನು ಅಷ್ಟು ಪ್ರೀತಿಸಿದ್ದನೆಂದು ಈಗ ತಿಳಿಯುತ್ತದೆ, ಇನ್ನೊಂದರಲ್ಲಿ ಅವನಿಗೆ ಪ್ರೀತಿಯೇ ಇರಲಿಲ್ಲವೆಂದು ತಿಳಿಯುತ್ತದೆ. ಆಫೀಸಿನಲ್ಲಿ ನನಗಿಂತ ಹಿರಿಯರಾದ ಜಪಾನೀ ಮಹಿಳೆಯೊಬ್ಬರನ್ನು ಕೇಳಿದೆ. ಊಟದ ಡಬ್ಬಿ ಮುಚ್ಚಿಟ್ಟು ಸಾಲನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡರು. “ಎರಡೂ ಆಗುತ್ತದೆ” ಅಂದರು. “ನಿಮಗೆ?” ಅಂದೆ. “ಇಪ್ಪತ್ತರಲ್ಲಿ ಒಂದು, ಈಗ ಇನ್ನೊಂದು.” ಯಾವುದು ಯಾವಾಗ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕನ್ನಡದಲ್ಲಿ ಬರೆದುಕೊಳ್ಳಲು ಕೂತಾಗ ನಿಜವಾದ ಕಷ್ಟ ಶುರುವಾಯಿತು. ‘ನಾನು’ ಅಥವಾ ‘ನನ್ನನ್ನು’, ಎರಡರಲ್ಲಿ ಒಂದನ್ನು ಬರೆಯಲೇಬೇಕು. ಮೊದಲ ಮೂರು ವಾರ ‘ನಾನು ಮಾತ್ರ’ ಅಂತ ಬರೆದುಕೊಂಡು ಹಾಡಿದೆ. ಪ್ರತಿ ಸಲ ಅಲ್ಲೇ ಗಂಟಲು ಕಟ್ಟಿತು. ನಾಲ್ಕನೆಯ ವಾರ ಹಾಳೆಯ ಮೇಲೆ ಆ ಸಾಲಿನ ಅರ್ಥ ಒರೆಸಿ ಖಾಲಿ ಬಿಟ್ಟೆ. ಅಕಿನ ಅವರ ಧ್ವನಿಮುದ್ರಿಕೆಯ ಹಾಗೆ ಉಸಿರಿನಷ್ಟು ಸಣ್ಣಗೆ ಹಾಡಿ ನೋಡಿದೆ, ಆಮೇಲೆ ಮರಿಯ ಅವರ ಹಾಗೆ ನೆಟ್ಟಗೆ. ನನ್ನ ಗಂಟಲಿಗೆ ಒಗ್ಗಿದ್ದು ನೆಟ್ಟಗಿನದು. ಐದನೆಯ ಶನಿವಾರ ಗೇಟ್ ದಾಟಿ, ಮಳೆ ದಾಟಿ, ಕೊನೆಯವರೆಗೂ ಹೋದೆ. ಯಂತ್ರ 84 ಅಂಕ ಕೊಟ್ಟಿತು.

ಐದನೆಯದು ನಡೆಯುತ್ತಿದೆ, ಇನ್ನೂ ಅರ್ಧ. ಇಶಿಕವ ಸಯುರಿ ಅವರು 1977ರಲ್ಲಿ ಹಾಡಿದ ‘ತ್ಸುಗರು ಕಾಯ್ಕ್ಯೋ ಫುಯುಗೆಶಿಕಿ’, ತ್ಸುಗರು ಜಲಸಂಧಿಯ ಚಳಿಗಾಲದ ನೋಟ. ಇದು ಎಂಕ, ಅಂದರೆ ಹಳೆಯ ಧಾಟಿಯ ಜಪಾನೀ ಭಾವಗೀತೆ. ತೋಕ್ಯೋದ ಉಎನೊ ನಿಲ್ದಾಣದಿಂದ ರಾತ್ರಿ ರೈಲಿನಲ್ಲಿ ಬಂದವಳು ಹಿಮದ ಅವೊಮೊರಿಯಲ್ಲಿ ಇಳಿದು, ಒಬ್ಬಳೇ ಹೊಕ್ಕಾಯ್ದೊಗೆ ಹಡಗು ಹತ್ತುತ್ತಾಳೆ. ಜೊತೆಗಿರುವ ಜನ ಯಾರೂ ಮಾತಾಡುವುದಿಲ್ಲ, ಕಡಲ ಸದ್ದು ಮಾತ್ರ. ಆ ಹಡಗಿನ ಸೇವೆ 1988ರಲ್ಲಿ ನಿಂತಿತು. ಸಮುದ್ರದಡಿ ಹಾಯುವ ಸುಮಾರು 54 ಕಿಲೋಮೀಟರಿನ ಸುರಂಗ ತೆರೆದು, ರೈಲು ನೇರ ದಾಟತೊಡಗಿತು.

ಎಂಕದ ತೊಡಕು ನನಗೆ ಸ್ವರದ್ದಲ್ಲ. ಈ ಹಾಡುಗಳಲ್ಲಿ ಹೆಚ್ಚಾಗಿ ಬರುವ ಸ್ವರಶ್ರೇಣಿಗೆ ‘ಯೊನನುಕಿ’ ಅಂತಾರೆ: ನಾಲ್ಕು, ಏಳು ಬಿಟ್ಟದ್ದು. ಅಂದರೆ ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಮ, ನಿ ವರ್ಜ್ಯ. ಶೋಕದ ಬಗೆಯದನ್ನು ಹಿಡಿಯಲು ಶಿವರಂಜನಿ ರಾಗದ ಧೈವತವನ್ನು ಒಂದು ಮೆಟ್ಟಿಲು ಇಳಿಸಿ ಶುದ್ಧ ಧೈವತ ಮಾಡಿಕೊಂಡರೆ ಸಾಕು. ತೊಡಕಿರುವುದು ‘ಕೊಬುಶಿ’ಯಲ್ಲಿ. ಸ್ವರವನ್ನು ನೆಟ್ಟಗೆ ಹಿಡಿದು, ಒಂದು ಕಡೆ ಮಾತ್ರ ಚಕ್ಕನೆ ತಿರುಚಿ ಬಿಡಬೇಕು. ಎಂಟು ವರ್ಷ ಸಂಗೀತ ಕಲಿತ ನನ್ನ ಗಂಟಲು ಗಾಂಧಾರ ಕಂಡ ಕಡೆಯೆಲ್ಲ ಗಮಕ ಹಾಕುತ್ತದೆ. ಈಗ ದಿನಾ ರಾತ್ರಿ ಹತ್ತು ನಿಮಿಷ, ತಂಬೂರಿ ಆ್ಯಪ್ ಹಾಕಿಕೊಂಡು, ಅಲ್ಲಾಡದ ಗಾಂಧಾರ ಒಂದನ್ನೇ ಹಿಡಿಯುತ್ತಿದ್ದೇನೆ. ಎರಡನೇ ಚರಣಕ್ಕೆ ಇನ್ನೂ ಕೈ ಹಾಕಿಲ್ಲ.

ಆರನೆಯದು ಸಕಮೊತೊ ಕ್ಯೂ ಅವರ ‘ಉಎ ಒ ಮುಯ್ತೆ ಅರುಕೋ’, 1961ರದು. ಕಣ್ಣೀರು ಕೆಳಗೆ ಬೀಳದಿರಲಿ ಅಂತ ಮುಖ ಮೇಲೆತ್ತಿ ನಡೆಯುವವನ ಹಾಡು. ಮೊನ್ನೆ ಮೊದಲ ಸಾಲಿನ ಸ್ವರ ಬರೆದುಕೊಂಡೆ. ಅಷ್ಟೂ ಮೋಹನ ರಾಗ, ‘ವರವೀಣಾ’ ಗೀತೆಯಲ್ಲಿ ಒಂಬತ್ತು ವರ್ಷದವಳಿದ್ದಾಗ ಕಲಿತ ಅದೇ ಐದು ಸ್ವರ. ನಡುವೆ ಶಿಳ್ಳೆ ಹಾಕುವ ಭಾಗ ಇದೆ. ಶಿಳ್ಳೆ ಹಾಕಲು ನನಗೆ ಬರುವುದಿಲ್ಲ. ಅದನ್ನೂ ಕಲಿಯಬೇಕು.